ಆರು ಸಾವಿರ ಕಾಲೊನಿ, ಕೈಗೆ ಸಿಕ್ಕಿದ್ದು ಎರಡು ಜೀನು

ಆಳಂದ ಕಡೆಯ ಎರೆಹೊಲದ ತೊಗರಿ ಬೇರಿನಿಂದ ಬೇರ್ಪಡಿಸಿದ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ತಳಿಯೊಂದು ಕರಗದ ರಂಜಕ ಬೆರೆಸಿದ ಪಿಕೋವ್‌ಸ್ಕಯಾ ಪ್ಲೇಟಿನಲ್ಲಿ ಎರಡೇ ದಿನಕ್ಕೆ ಅಗಲವಾದ ತಿಳಿವಲಯ ಬಿಡುತ್ತಿತ್ತು. ರಂಜಕ ಕರಗಿಸುವ ಆ ಗುಣದ ಜೀನನ್ನು, ಜೀನೋಮಿನಲ್ಲಿ ಎಲ್ಲೆಂದರಲ್ಲಿ ಹೊಕ್ಕು ಜೀನು ಮುರಿಯುವ ಡಿಎನ್‌ಎ ತುಣುಕಾದ ಟ್ರಾನ್ಸ್‌ಪೋಸಾನ್ ಹೊಗಿಸಿಯೇ ಹಿಡಿಯುತ್ತೇನೆ ಎಂದಾಗ, ‘ಇಡೀ ಜೀನೋಮ್ ಸೀಕ್ವೆನ್ಸ್ ಮಾಡಿಸಿ ಮುಗಿಸಿಬಿಡಿ’ ಎಂದವರೇ ಹೆಚ್ಚು. ಅದರಿಂದ ಜೀನುಗಳ ಪಟ್ಟಿ ಬಂದೀತು. ಯಾವುದು ಕೆಟ್ಟರೆ ವಲಯ ಮಾಯವಾಗುತ್ತದೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ.

ಮೊದಲ ವರ್ಷ ಪೂರ್ತಿ ವ್ಯರ್ಥವಾಯಿತು. ತಳಿಗೆ ಸಹಜವಾಗಿಯೇ ಕೆನಾಮೈಸಿನ್ ಎಂಬ ಆಂಟಿಬಯಾಟಿಕ್ ಸಹಿಸುವ ಶಕ್ತಿ ಇದೆಯೇ ಎಂದು ನೋಡದೆ 50 ಮೈಕ್ರೊಗ್ರಾಂ ಹಾಕಿದ್ದರಿಂದ, ಕೆನಾಮೈಸಿನ್ ತಡೆಯುವ ಜೀನುಳ್ಳ ನನ್ನ ಟ್ರಾನ್ಸ್‌ಪೋಸಾನ್ ಮಿನಿ-ಟಿಎನ್5 ಹೊಕ್ಕದ್ದೂ ಹೊಗದ್ದೂ ಒಟ್ಟಿಗೆ ಬೆಳೆದವು. ಪ್ರಮಾಣವನ್ನು ನಾಲ್ಕು ಪಟ್ಟು ಏರಿಸಿದ ಮೇಲೆ ಪ್ಲೇಟು ಸ್ವಚ್ಛವಾಯಿತು. ಟ್ರಾನ್ಸ್‌ಪೋಸಾನನ್ನು ಇನ್ನೊಂದು ಬ್ಯಾಕ್ಟೀರಿಯಾದಿಂದ ಈ ತಳಿಗೆ ದಾಟಿಸುವ ಸಂಯೋಗವನ್ನು ರಾತ್ರಿಯಿಡೀ ಬಿಟ್ಟು, ಒಂದೇ ಮ್ಯೂಟಂಟಿನ (ಜೀನು ಮುರಿದ ಕೋಶದ) ಮರಿಗಳನ್ನು ಬೇರೆ ಬೇರೆ ಎಂದು ಎಣಿಸಿದ್ದು ಇನ್ನೊಂದು ತಪ್ಪು. ಈಗ ಐದು ತಾಸಿಗೇ ನಿಲ್ಲಿಸುತ್ತೇನೆ.

ಕಡ್ಡಿಯಲ್ಲಿ ಚುಚ್ಚಿದ ಸುಮಾರು ಆರು ಸಾವಿರ ಕಾಲೊನಿಗಳಲ್ಲಿ ಹದಿನಾಲ್ಕು ವಲಯ ಬಿಡಲಿಲ್ಲ. ಅವುಗಳಲ್ಲಿ ಒಂಬತ್ತು ಬರೀ ಕುಂಠಿತ ಬೆಳವಣಿಗೆಯವು. ವಲಯ ಮೂಡುವ ಮೊದಲೇ ಆಮ್ಲವನ್ನು ತೋರಿಸುವ ಬಣ್ಣವೊಂದನ್ನು ಪ್ಲೇಟಿಗೆ ಬೆರೆಸಿದ್ದರಿಂದ ಕೆಲಸ ಅರ್ಧಕ್ಕರ್ಧ ಇಳಿಯಿತು. ಯಾವ ಬಣ್ಣ, ಎಷ್ಟು ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಟ್ರಾನ್ಸ್‌ಪೋಸಾನ್ ಯಾವ ಜೀನಿಗೆ ಹೊಕ್ಕಿದೆ ಎಂದು ತಿಳಿಯಲು ಅದರ ಅಕ್ಕಪಕ್ಕದ ಡಿಎನ್‌ಎ ನಕಲು ಮಾಡುವ ಇನ್‌ವರ್ಸ್ ಪಿಸಿಆರ್‌ಗೆ ಮೂರು ತಿಂಗಳು, ಹತ್ತಿರ ಹತ್ತಿರ ಇಪ್ಪತ್ತು ಸಾವಿರ ರೂಪಾಯಿ ಸುರಿದರೂ ಜೆಲ್‌ನಲ್ಲಿ ಕಂಡದ್ದು ಸ್ಪಷ್ಟ ಪಟ್ಟೆಯಿಲ್ಲದ ಸ್ಮಿಯರ್ ಮಾತ್ರ. ಆಮೇಲೆ, ನಾನು ಹೊಗಿಸಿದ್ದ ಟ್ರಾನ್ಸ್‌ಪೋಸಾನಿನಲ್ಲೇ ಆರ್6ಕೆ ಮೂಲಬಿಂದು (ಪಿರ್ ಜೀನಿದ್ದಲ್ಲಿ ಮಾತ್ರ ಡಿಎನ್‌ಎ ನಕಲು ಆರಂಭಿಸುವ ಜಾಗ) ಇದ್ದುದರಿಂದ, ಅದರೊಳಗೆ ಕತ್ತರಿಸದ ಎನ್ಜೈಮಿನಿಂದ ಜೀನೋಮಿಕ್ ಡಿಎನ್‌ಎ ಕತ್ತರಿಸಿ, ಚೆನ್ನಾಗಿ ತೆಳುಮಾಡಿ, ತುಣುಕುಗಳ ತುದಿಗಳನ್ನು ಬೆಸೆದು (ಲೈಗೇಟ್ ಮಾಡಿ), ಪಿರ್ ಜೀನುಳ್ಳ ಇ. ಕೋಲೈಗೆ ಹಾಕಿದೆ. ಅದರಲ್ಲೂ ಮೊದಲ ಸಲ ಒಂದು ಕಾಲೊನಿಯೂ ಬರಲಿಲ್ಲ, ಏಕೆಂದರೆ ಮೇ ತಿಂಗಳಲ್ಲಿ ತರಿಸಿದ, ಬೆಸೆಯುವ ಎನ್ಜೈಮಾದ ಲೈಗೇಸ್ ಕಲಬುರಗಿ ಮುಟ್ಟುವಷ್ಟರಲ್ಲಿ ಡಬ್ಬಿಯ ಐಸ್ ಬಿಸಿನೀರಾಗಿತ್ತು. ಸರಬರಾಜುದಾರರು ಬದಲಿ ಕೊಡಲಿಲ್ಲ. ಏಳೆಂಟು ಸಾವಿರ ನೀರುಪಾಲಾಯಿತು. ಈಗ ಎನ್ಜೈಮುಗಳನ್ನು ಚಳಿಗಾಲದಲ್ಲೇ ತರಿಸಿಡುತ್ತೇನೆ.

ಹೊಸ ಲೈಗೇಸಿಗೆ ಉಳಿದ ಐದೂ ಮ್ಯೂಟಂಟುಗಳ ಮುರಿದ ಜೀನು ಸಿಕ್ಕವು: ಎರಡರಲ್ಲಿ ಗ್ಲೂಕೋಸನ್ನು ಆಮ್ಲವಾಗಿಸುವ ಎನ್ಜೈಮು ಗ್ಲೂಕೋಸ್ ಡಿಹೈಡ್ರೋಜಿನೇಸಿನ ಜೀನಾದ ಜಿಸಿಡಿ, ಮೂರರಲ್ಲಿ ಆ ಎನ್ಜೈಮಿಗೆ ಬೇಕಾದ ಸಹಾಯಕ ಅಣು ಪಿಕ್ಯೂಕ್ಯೂ ತಯಾರಿಸುವ ಜೀನು ಮುರಿದಿತ್ತು. ಪ್ಲೇಟಿನ ಮೇಲೆ ಪಿಕ್ಯೂಕ್ಯೂ ದ್ರಾವಣದ ಹನಿ ಇಟ್ಟಾಗ ಆ ಮೂರರ ಸುತ್ತ ವಲಯ ಮರಳಿತು, ಜಿಸಿಡಿಯವು ಮಂಕಾಗಿಯೇ ಉಳಿದವು. ಅಖಂಡ ಜಿಸಿಡಿಯನ್ನು ಪ್ಲಾಸ್ಮಿಡ್‌ನಲ್ಲಿ (ಉಂಗುರದಂಥ ಪುಟ್ಟ ಡಿಎನ್‌ಎಯಲ್ಲಿ) ಕೊಟ್ಟಾಗ ಅವಕ್ಕೂ ವಲಯ ಬಂದಿತು. ಆ ಪ್ಲೇಟನ್ನು ವಿಭಾಗದ ಎಲ್ಲರಿಗೂ ಕರೆದು ತೋರಿಸಿದೆ.

ನಡುವೆ ಕುತೂಹಲಕ್ಕೆಂದು ದ್ರವ ಮಾಧ್ಯಮಕ್ಕೆ ಹೊಲದ ಎರೆಮಣ್ಣನ್ನೇ ಬೆರೆಸಿ ನೋಡಿದ್ದೆ. ಸುಣ್ಣದಂಶದ ಆ ಮಣ್ಣು ಆಮ್ಲವನ್ನೆಲ್ಲ ನುಂಗಿ, ಮೂಲ ತಳಿಯೂ ಮ್ಯೂಟಂಟಿನಂತೆಯೇ ಸೋತಿತು. ಹಾಗಾಗಿ ಅದೇ ಆರು ಸಾವಿರವನ್ನು ಈಗ ಆ ಮಣ್ಣಿನಂತೆಯೇ ಆಮ್ಲವನ್ನು ನುಂಗುವ ಬಫರ್ ಹಾಕಿದ ಪ್ಲೇಟಿಗೆ ಮತ್ತೆ ಚುಚ್ಚುತ್ತಿದ್ದೇನೆ. ಅಲ್ಲಿಯೂ ವಲಯ ಬಿಡುವುದು ಒಂದಾದರೂ ಇದೆಯೇ ಎಂದು ನೋಡಬೇಕು.