ನಾಲ್ಕು ಮಾರ್ಕ್ಸಿಗೆ ಲಗ್ನಪತ್ರಿಕೆ ಹಿಡಿದು ಕೂತೆ

"ನಾಲ್ಕು ಮಾರ್ಕ್ಸಿಗೆ ಇಷ್ಟೊಂದಾ? ಹೋಗಯ್ಯಾ, ಸಿಪಿಸಿ ಓದು" ಅಂತ, ನಾನು ಎಥಿಕ್ಸ್ (ವಕೀಲರ ವೃತ್ತಿ ನೀತಿ) ಓದೋದು ನೋಡಿ ನಮ್ಮ ಸೀನಿಯರ್ ನಕ್ಕಿದ್ದರು. ಸಿಪಿಸಿ ಅಂದರೆ ಸಿವಿಲ್ ದಾವೆ ನಡೆಸೋ ವಿಧಾನದ ಕಾನೂನು. ಎಐಬಿಇ, ಅಂದರೆ ವಕೀಲಿಕೆ ಮಾಡೋಕೆ ಪಾಸಾಗಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆ, ಮೊದಲ ಸಲ ಬರೆದಾಗ ನನ್ನ ಲೆಕ್ಕವೂ ಅದೇ. 100 ಪ್ರಶ್ನೆಯಲ್ಲಿ ಎಥಿಕ್ಸಿಂದ ಬರೋದು ನಾಲ್ಕು, ನೆಗೆಟಿವ್ ಮಾರ್ಕ್ಸ್ ಇಲ್ಲ, ಬೇರ್ ಆಕ್ಟ್ (ಟಿಪ್ಪಣಿ ಇಲ್ಲದ, ಬರೀ ಕಾನೂನಿನ ಪುಸ್ತಕ) ಒಳಗೆ ಬಿಡ್ತಾರೆ, ಅಲ್ಲೇ ತಿರುವಿದರಾಯ್ತು. ಆಮೇಲೆ ಆನ್ಸರ್ ಕೀ ಹಿಡಿದು ಎಣಿಸಿದರೆ 43. ಬೇಕಿದ್ದದ್ದು 45. ಎಥಿಕ್ಸ್‌ನಲ್ಲಿ ನಾಲ್ಕಕ್ಕೆ ಸೊನ್ನೆ.

ಪರೀಕ್ಷೆ ಫೀಸು 3,500, ಆ್ಯಪ್ ಕೋರ್ಸಿಗೆ ಸುಮಾರು ಎರಡು ಸಾವಿರ, ತುಮಕೂರಿಂದ ಬೆಂಗಳೂರಿಗೆ ಹೋಗಿ ರಾತ್ರಿ ಉಳಿದದ್ದು ಬೇರೆ. ಸೀನಿಯರ್ ನನಗೆ ತಿಂಗಳಿಗೆ ಕೊಡುತ್ತಿದ್ದದ್ದಕ್ಕಿಂತ ಅದು ಜಾಸ್ತಿ. ಸಾಲದ್ದಕ್ಕೆ ನನ್ನ ಬೇರ್ ಆಕ್ಟಿನ ತುಂಬಾ ಪೆನ್ಸಿಲ್ ಗೀಚು ಇತ್ತು, ಬಾಗಿಲಲ್ಲೇ ತೆಗೆದಿಟ್ಟರು. ಇದ್ದಿದ್ದರೂ ಏನು ಪ್ರಯೋಜನ? ಕೇಸಿನ ಹೆಸರು ಕೊಟ್ಟು ವಕೀಲನಿಗೆ ಏನು ಶಿಕ್ಷೆಯಾಯ್ತು ಅಂತ ಕೇಳಿದರೆ ಅದರಲ್ಲಿ ಎಲ್ಲಿ ಹುಡುಕೋದು?

ಎರಡನೇ ಸಲಕ್ಕೆ ಮೊದಲು ಕೇಸುಗಳನ್ನ ನನ್ನ ದನಿಯಲ್ಲೇ ಮೊಬೈಲಿಗೆ ರೆಕಾರ್ಡ್ ಮಾಡಿ ಬಸ್ಸಿನಲ್ಲಿ ಕೇಳಿದೆ. ದಾಬಸ್‌ಪೇಟೆ ದಾಟೋದರೊಳಗೆ ನಿದ್ದೆ. ಹೆಸರು ಉರು ಹೊಡೆದೆ, ಗುಪ್ತಾಗಳು ಇಬ್ಬರು ಬಂದು ಎಲ್ಲ ಕಲಸಿಹೋಯ್ತು.

ಕೊನೆಗೆ ಕೈ ಹಿಡಿದದ್ದು ಹಳೇ ಲಗ್ನಪತ್ರಿಕೆ. ಹಿಂಭಾಗ ಖಾಲಿ, ಗಟ್ಟಿ ಕಾಗದ, ಖರ್ಚಿಲ್ಲ. ಒಂದೊಂದರಲ್ಲಿ ಒಂದೊಂದು ಕೇಸು, ಹೆಸರು ಕೆಳಗೆ, ವಕೀಲ ಮಾಡಿದ ಕೆಲಸ ಮೇಲೆ. ಜೋಡಿಸಿದ್ದು ಮಾತ್ರ ಶಿಕ್ಷೆ ನೋಡಿ. ವಕೀಲರ ಕಾಯ್ದೆಯ (ಅಡ್ವೊಕೇಟ್ಸ್ ಆ್ಯಕ್ಟ್) ಸೆಕ್ಷನ್ 35(3)ರಲ್ಲಿ ನಾಲ್ಕೇ ದಾರಿ ತಾನೆ, ದೂರು ವಜಾ, ಛೀಮಾರಿ, ಅಮಾನತು, ವಕೀಲರ ಪಟ್ಟಿಯಿಂದ ಹೆಸರು ತೆಗೆಯೋದು. ನಾಲ್ಕು ಕಟ್ಟು ಮಾಡಿದೆ. ಎದುರಾಳಿಗೆ ಚಾಕು ಹಾಕಿದವನು (ಹಿಕ್ಮತ್ ಅಲಿ ಖಾನ್ ಕೇಸು, 1997), ಜಡ್ಜಿಗೆ ಲಂಚ ಕೊಡೋಣ ಅಂತ ಕಕ್ಷಿದಾರನಿಗೆ ಪತ್ರ ಬರೆದವನು (ಶಂಭು ರಾಮ್ ಯಾದವ್ ಕೇಸು, 2001), ಇಬ್ಬರೂ ಕೊನೇ ಕಟ್ಟು. ಕಕ್ಷಿದಾರರ ವ್ಯಾಜ್ಯದ ಆಸ್ತಿ ತಾನೇ ಕೊಂಡ ಪಿ.ಡಿ. ಗುಪ್ತಾ (1997), ಒಂದು ವರ್ಷ ಅಮಾನತು. ಕಾರ್ಡಿನ ಮೂಲೆಯಲ್ಲಿ ಒಂದು ಗುರುತು ಹಾಕುತ್ತಿದ್ದೆ, ಅದೇನು ಅಂತ ಹೇಳಲ್ಲ, ಅಷ್ಟಾದರೂ ನನ್ನ ಹತ್ತಿರ ಇರಲಿ.

ಕಾರ್ಡುಗಳನ್ನ ನಮ್ಮ ಗುಮಾಸ್ತರ ಕೈಗೆ ಕೊಡುತ್ತಿದ್ದೆ. ಮಧ್ಯಾಹ್ನ ಟೀ ಕುಡೀತಾ ಅವರು ಮೇಲಿನ ಸಾಲು ಓದೋರು, ಕಟ್ಟು ನಾನು ಹೇಳಬೇಕು. ಒಂದು ದಿನ ಅವರೇ ಕೇಳಿದರು, "ಫೀಸು ಕೊಡದಿದ್ರೆ ಫೈಲು ಇಟ್ಕೋಬಹುದಲ್ವಾ ಸಾರ್? ಎಲ್ರೂ ಇಟ್ಕೋತಾರೆ." ಆರ್.ಡಿ. ಸಕ್ಸೇನಾ ಕೇಸು, 2000. ಬ್ಯಾಂಕಿನ ವಕೀಲ ಬಾಕಿ ಫೀಸಿಗೆ ಫೈಲುಗಳನ್ನ ಹಿಡಿದಿಟ್ಟಿದ್ದ. ಫೈಲಿನ ಮೇಲೆ ಅಂಥ ಹಕ್ಕು ಇಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು, ಆದರೆ ವಕೀಲರ ಶಿಸ್ತು ನೋಡಿಕೊಳ್ಳೋ ಬಾರ್ ಕೌನ್ಸಿಲ್ ಹಾಕಿದ ಅಮಾನತನ್ನ ಛೀಮಾರಿಗೆ ಇಳಿಸಿತು. ಗುಮಾಸ್ತರು ಒಂದು ಸಲ ನಮ್ಮ ಬೀರು ಕಡೆ ನೋಡಿದರು, ಒಂದು ಸಲ ನನ್ನ ಕಡೆ. ಆ ಕಾರ್ಡು ಇನ್ನು ಮರೆಯೋ ಹಾಗೇ ಇಲ್ಲ!

ಸೆಕ್ಷನ್‌ಗಳಿಗೆ ಕಾರ್ಡು ಬೇಕಾಗಲಿಲ್ಲ. 35 ರಾಜ್ಯ ಬಾರ್ ಕೌನ್ಸಿಲ್ ಕೊಡೋ ಶಿಕ್ಷೆ, 36 ಬಿಸಿಐ (ಭಾರತೀಯ ಬಾರ್ ಕೌನ್ಸಿಲ್) ಕೊಡೋದು, 37 ಬಿಸಿಐಗೆ ಅಪೀಲು, 38 ಸುಪ್ರೀಂ ಕೋರ್ಟಿಗೆ, ಅಪೀಲು ಎರಡಕ್ಕೂ 60 ದಿನ. ಮೆಟ್ಟಿಲು ಹತ್ತಿದ ಹಾಗೆ. ಬಿಸಿಐ ನಿಯಮಗಳಲ್ಲಿ ನಾನು ಬಿಡದೆ ಓದಿದ್ದು 20 (ಗೆದ್ದರೆ ಇಷ್ಟು ಪಾಲು ಅಂತ ಫೀಸು), 36 (ಜಾಹೀರಾತು), 49 (ಪೂರ್ತಿ ಸಂಬಳದ ನೌಕರಿ). ಒಟ್ಟು ಕಾರ್ಡು ನಲವತ್ತರ ಹತ್ತಿರ, ದಿನಕ್ಕೆ ಇಪ್ಪತ್ತು ನಿಮಿಷ, ಎರಡು ತಿಂಗಳು ಇರಬೇಕು.

ಎರಡನೇ ಸಲ ಎಥಿಕ್ಸ್ ನಾಲ್ಕಕ್ಕೆ ನಾಲ್ಕು, ಒಟ್ಟು 58ರ ಆಸುಪಾಸು. ಸೀನಿಯರ್ ಏನೂ ಅನ್ನಲಿಲ್ಲ. ಹೊಸ ಜೂನಿಯರ್ ಬಂದ ದಿನ ಮಾತ್ರ, "ಅವನ ಹತ್ರ ಮದುವೆ ಕಾರ್ಡ್ ಇವೆ, ಇಸ್ಕೊ" ಅಂದರಂತೆ. ಅದೇ ಉಪಾಯವನ್ನ ಸಿಪಿಸಿಗೂ ಹಾಕಿ ನೋಡಿದೆ, ಕಾರ್ಡು ಇನ್ನೂರು ದಾಟಿತು, ಕೈಬಿಟ್ಟೆ.