ನಿಮ್ಮ ಲೈನಿನ ಫುಟ್‌ಬಾಲ್ ತಂಡದ ಚರಿತ್ರೆ ಕೂಡಿಸೋದು ಹೇಗೆ

ಕೆಜಿಎಫ್‌ನ ಗಣಿ ಲೈನಿನಲ್ಲಿ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ, ಹುಟ್ಟಿದವನು ನಾನು. ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು, ಸಂಜೆ ಲೈನಿನ ತಂಡಕ್ಕೆ ಬ್ಯಾಕ್ ಆಡುತ್ತಿದ್ದರು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿ ಅದು. ಶಿಫ್ಟ್ ಮುಗಿಸಿ ಮೇಲೆ ಬಂದು, ಮೈ ತೊಳೆದುಕೊಂಡು, ಕತ್ತಲಾಗುವ ಮುಂಚೆ ಚೆಂಡು ಒದೆಯಲು ಓಡುತ್ತಿದ್ದ ಜನ. ಆ ಹೆಮ್ಮೆ ನಮಗೆ ಇದ್ದೇ ಇದೆ. ಆದರೆ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಮನೆಗಳು ಚದುರಿಹೋದವು. ತಂಡಕ್ಕೆ ಬಂದ ಕಪ್ಪು (ಟ್ರೋಫಿ) ಒಬ್ಬರ ಅಟ್ಟದಲ್ಲಿ, ಫೋಟೊ ಬೆಂಗಳೂರಿಗೆ ಹೋದ ಮಗಳ ಮನೆಯಲ್ಲಿ. ಬಾಯಿಮಾತಲ್ಲೇ ಉಳಿದರೆ ಈಗಿನ ಹುಡುಗರಿಗೆ ಅದು ಬರೀ ಜಂಬ ಅನ್ನಿಸುತ್ತದೆ. ಒಂದು ಇಸವಿ, ಒಂದು ಹೆಸರು ಜೊತೆಗಿಟ್ಟು ಹೇಳಿ, ಕೂತು ಕೇಳುತ್ತಾರೆ.

ಕೋಲ್ಕತ್ತದ ಫುಟ್‌ಬಾಲ್ ಕ್ಲಬ್ ಮೋಹನ್ ಬಗಾನ್‌ನ ಅಭಿಮಾನಿಗಳನ್ನೇ ನೋಡಿ. 1911ರ ಜುಲೈ 29ರಂದು ಐಎಫ್‌ಎ ಶೀಲ್ಡ್ ಟೂರ್ನಮೆಂಟಿನ ಫೈನಲ್, ಎದುರಾಳಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್, ಸ್ಕೋರ್ 2-1, ಗೋಲು ಹೊಡೆದವರು ಶಿಬ್‌ದಾಸ್ ಭಾದುರಿ ಮತ್ತು ಅಭಿಲಾಷ್ ಘೋಷ್. ನೂರು ವರ್ಷ ದಾಟಿದರೂ ಆ ದಿನವನ್ನು ಆಚರಿಸುತ್ತಾರೆ. ನಿಮ್ಮ ತಂಡದ ಪ್ರತಿ ಆಟಕ್ಕೂ ಹುಡುಕಬೇಕಾದ್ದು ಇಷ್ಟೇ: ಯಾವತ್ತು, ಯಾರ ಮೇಲೆ, ಎಷ್ಟು, ಯಾರು ಹೊಡೆದರು.

ಮೊದಲು ಹಿರಿಯರ ಮನೆಗೆ ಹೋಗಿ. ಪತ್ರಿಕೆ, ಕಪ್ಪು ಎಲ್ಲಾ ಆಮೇಲೆ. ಬರಿಗೈಲಿ ಹೋಗಬೇಡಿ, ಒಂದು ಹಳೇ ಟೀಮ್ ಫೋಟೊ ಕೈಲಿರಲಿ. ಸುಮ್ನೆ "ತಾತ, ನಿಮ್ಮ ಕಾಲದ ಆಟ ಹೇಳಿ" ಎಂದರೆ "ಏನಪ್ಪಾ ಹೇಳೋದು, ಆಡಿದ್ವಿ" ಎಂದು ಮುಗಿಸಿಬಿಡುತ್ತಾರೆ. ನಮ್ಮ ತಂಡದ ಹಳೇ ಗೋಲ್‌ಕೀಪರ್ ಕೈಗೆ ಫೋಟೊ ಕೊಟ್ಟೆ. ಪಂಚೆಯ ತುದಿಯಿಂದ ಅದನ್ನು ಒರೆಸಿ, ಒಂದೊಂದು ಮುಖದ ಮೇಲೂ ಬೆರಳಿಟ್ಟರು. "ಇವನು ನೈಟ್ ಶಿಫ್ಟಿನವನು, ನಿದ್ದೆಗೆಟ್ಟು ಬರ್ತಿದ್ದ. ಇವನ ಕಾಲಲ್ಲಿರೋ ಬೂಟು ನಂದು ಕಣಪ್ಪಾ, ಫೋಟೊಗೆ ಅಂತ ಇಸ್ಕೊಂಡ." ಆಮೇಲೆ ಅವರನ್ನು ನಿಲ್ಲಿಸೋಕೆ ಆಗಲಿಲ್ಲ.

ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಬೇರೆ ಥರ ಕೇಳಿ. ಆಗ ಮದುವೆ ಆಗಿತ್ತಾ? ದೊಡ್ಡ ಮಗ ಹುಟ್ಟಿದ್ದನಾ? ಗಣಿ ಸರ್ಕಾರದ್ದಾಗಿತ್ತಾ, ಇನ್ನೂ ಕಂಪನಿಯದೇ ಇತ್ತಾ? 1956ರಲ್ಲಿ ಮೈಸೂರು ಸರ್ಕಾರ ಗಣಿ ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್) ಆಯಿತು. ಈ ಮೂರು ಗೆರೆ ಇಟ್ಟುಕೊಂಡರೆ ಆಟ ಎಲ್ಲಿ ಬೀಳುತ್ತದೆ ಎಂದು ಗೊತ್ತಾಗುತ್ತದೆ.

ನಮ್ಮಲ್ಲಿ ಹಿರಿಯರು ಜಾಸ್ತಿ ತಮಿಳಲ್ಲಿ, ತೆಲುಗಲ್ಲಿ ಹೇಳುತ್ತಾರೆ. ಅವರ ಮಾತಲ್ಲೇ ರೆಕಾರ್ಡ್ ಮಾಡಿ, ಕನ್ನಡಕ್ಕೆ ಆಮೇಲೆ ಬರೆದುಕೊಳ್ಳಿ. ಗಣಿ ಧೂಳು ಕುಡಿದು ಶ್ವಾಸಕೋಶ ಕೆಟ್ಟವರೂ ಇದ್ದಾರೆ. ದಮ್ಮು ಬಂದರೆ ಮಾತು ನಿಲ್ಲಿಸಿ, ಇನ್ನೊಂದು ದಿನ ಹೋಗಿ. ಅಡ್ಡಹೆಸರು, ನಿಜವಾದ ಹೆಸರು ಎರಡನ್ನೂ ಬರೆದುಕೊಳ್ಳಿ, ಮುಂದೆ ಮನೆ ಹುಡುಕುವಾಗ ಅಡ್ಡಹೆಸರೇ ಕೆಲಸಕ್ಕೆ ಬರುತ್ತದೆ. ಇಬ್ಬರು ಎರಡು ಸ್ಕೋರ್ ಹೇಳಿದರೆ ಎರಡನ್ನೂ ಬರೆಯಿರಿ. ಮೈದಾನಕ್ಕೆ ಸುಣ್ಣದ ಗೆರೆ ಎಳೆದವರು ಯಾರು, ಜೆರ್ಸಿ ಒಗೆದ ತಾಯಂದಿರು ಯಾರು ಎಂದೂ ಕೇಳಿ. ಅವರಿಲ್ಲದೆ ತಂಡ ಎಲ್ಲಿತ್ತು, ಅಲ್ವಾ?

ಫೋಟೊ ಯಾವ ಕಾಲದ್ದು ಎಂದು ಫೋಟೊನೇ ಹೇಳುತ್ತದೆ. ಜೆರ್ಸಿ ಮೇಲೋ ಬ್ಯಾನರ್ ಮೇಲೋ ಬಿಜಿಎಂಎಲ್ ಎಂದಿದ್ದರೆ 1972ರ ಈಚಿನದು. ಸರ್ಟಿಫಿಕೇಟಿನಲ್ಲಿ ಮೈಸೂರು ರಾಜ್ಯ ಎಂದಿದ್ದರೆ ಬಹುತೇಕ 1973ರ ನವೆಂಬರಿಗೆ ಮುಂಚಿನದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಟಿಕೆಟ್ ದರ ಆಣೆಯಲ್ಲಿದ್ದರೆ ಹೊಸ ಪೈಸೆ ಬಂದ 1957ರ ಆಸುಪಾಸಿನದು, ಇಲ್ಲವೇ ಅದಕ್ಕೂ ಹಳೆಯದು. ಬರಿಗಾಲಿನ ಆಟಗಾರರನ್ನು ಕಂಡು ಮಾತ್ರ ಆತುರಪಡಬೇಡಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು ಭಾರತ 10-1ರಿಂದ ಸೋತ ಮೇಲೆ ದೊಡ್ಡ ಆಟಗಳಿಗೆ ಬೂಟು ಕಡ್ಡಾಯವಾಯಿತು, ನಿಜ. ಆದರೆ ಬೂಟಿಗೆ ದುಡ್ಡಿಲ್ಲದ ಲೈನಿನ ಹುಡುಗರು ಆಮೇಲೂ ಬರಿಗಾಲಲ್ಲೇ ಆಡಿದರು.

ಆಲ್ಬಮ್ಮಿಗೆ ಅಂಟಿದ ಫೋಟೊ ಕೀಳಬೇಡಿ. ಕಿಟಕಿ ಬೆಳಕಲ್ಲಿಟ್ಟು, ಫ್ಲಾಶ್ ಇಲ್ಲದೆ ಮೊಬೈಲಲ್ಲಿ ನೇರವಾಗಿ ತೆಗೆಯಿರಿ. ಬಿಡಿ ಫೋಟೊ ಆದರೆ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಹಿಂದೆ ಬರೆಯುವುದಿದ್ದರೆ ಪೆನ್ಸಿಲ್, ಅದೂ ಮೆಲ್ಲಗೆ. ಲ್ಯಾಮಿನೇಷನ್ ಬೇಡವೇ ಬೇಡ.

ಕಪ್ಪು ಸಿಕ್ಕಿತು ಎಂದು ಹುಣಸೇಹಣ್ಣು ಹಾಕಿ ಉಜ್ಜಬೇಡಿ. ಕೆತ್ತಿದ ಅಕ್ಷರ ಸವೆಯುತ್ತವೆ. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಕಪ್ಪಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಎದುರಿನಿಂದ ಏನೂ ಕಾಣದ ಜಾಗದಲ್ಲಿ ಅಕ್ಷರದ ಅಂಚಿಗೆ ನೆರಳು ಬಿದ್ದು, ಮೊದಲು ಇಸವಿ, ಆಮೇಲೆ ರನ್ನರ್ಸ್ ಎಂಬ ಪದ ಮೇಲೇಳುತ್ತದೆ. ರನ್ನರ್ಸ್ ಆಗಿದ್ದರೆ ರನ್ನರ್ಸ್ ಎಂದೇ ಬರೆಯಿರಿ. ಫೈನಲ್‌ವರೆಗೆ ಹೋಗಿದ್ದು ಸಣ್ಣದಲ್ಲ.

"ನಮ್ಮವರು ಇಂಡಿಯಾಗೆ ಆಡಿದ್ರು" ಎಂಬ ಮಾತು ಪ್ರತಿ ಲೈನಿನಲ್ಲೂ ಸಿಗುತ್ತದೆ. ಇಂಡಿಯಾನಾ, ಮೈಸೂರು ರಾಜ್ಯ ತಂಡನಾ, ಬರೀ ಕ್ಯಾಂಪಾ ಎಂದು ವಿಚಾರಿಸಿ. ಮೈಸೂರು ತಂಡ ಎಂದರೂ ಅದೇನು ಕಡಿಮೆಯಲ್ಲ. 1946-47, 1952-53, 1967-68, 1968-69ರಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಮೆಂಟಾದ ಸಂತೋಷ್ ಟ್ರೋಫಿ ಗೆದ್ದ ತಂಡ ಅದು. ಅದಾದ ಮೇಲೆ ಆ ಟ್ರೋಫಿಗಾಗಿ ಕರ್ನಾಟಕ 2023ರ ಮಾರ್ಚ್‌ವರೆಗೆ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸುವ ತನಕ, ಕಾಯಬೇಕಾಯಿತು. ಇಂಥ ಮಾತಿಗೆ ಪತ್ರಿಕೆಯ ಸಾಕ್ಷಿ ಬೇಕು. ತಿಂಗಳು, ಇಸವಿ ಗುರುತು ಮಾಡಿಕೊಂಡು ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ. ಪ್ರಜಾವಾಣಿ 1948ರಲ್ಲಿ ಶುರುವಾದದ್ದು, ಅದಕ್ಕೂ ಹಿಂದಿನದಕ್ಕೆ ಬೇರೆ ಪತ್ರಿಕೆ ನೋಡಬೇಕು.

ಇಷ್ಟಾದ ಮೇಲೆ ಮನೆಯಲ್ಲಿ ಮುಚ್ಚಿಡಬೇಡಿ. ಮುಂದಿನ ಟೂರ್ನಮೆಂಟಿನ ದಿನ ಮೈದಾನದ ಪಕ್ಕ ಹಗ್ಗ ಕಟ್ಟಿ, ಫೋಟೊಗಳ ದೊಡ್ಡ ಪ್ರಿಂಟ್ ತೂಗುಹಾಕಿ. ಗೊತ್ತಿಲ್ಲದ ಮುಖದ ಕೆಳಗೆ ಖಾಲಿ ಜಾಗ ಬಿಟ್ಟು, ದಾರಕ್ಕೆ ಪೆನ್ನು ಕಟ್ಟಿಡಿ. ಹಾಫ್‌ಟೈಮಿನಲ್ಲಿ ಯಾರೋ ಅಜ್ಜಿ ಬಂದು "ಇವ್ರು ನಮ್ಮನೆಯವರು" ಎನ್ನುತ್ತಾರೆ. ಅವರ ಪಕ್ಕ ಕೂತು ಬರೆದುಕೊಳ್ಳಿ. ಸ್ಕ್ಯಾನ್ ಮಾಡಿದ್ದರ ಪ್ರತಿ ಬೇರೆ ಬೇರೆ ಮನೆಯಲ್ಲಿರಲಿ, ಯಾವ ಕಪ್ಪು ಯಾರ ಮನೆಯಲ್ಲಿದೆ ಎಂದು ತಂಡದ ನೋಟ್‌ಬುಕ್ಕಿನಲ್ಲಿ ಬರೆದಿಡಿ.