ಗಡಸು ನೀರಿನಿಂದ ಪ್ಲಾಸ್ಟಿಕ್ ಕಣ ತೆಗೆಯುವ ಬಗೆ

ನೀರು ಶುದ್ಧೀಕರಣ ಘಟಕದ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಈಗ ಕೋಲಾರದ ಕಡೆ ಇದ್ದೇನೆ. ಮನೆಗೆ ಬರುವುದು ಬೋರ್‌ವೆಲ್ ನೀರು. ನೀರಿನಲ್ಲಿ ಮೈಕ್ರೋಪ್ಲಾಸ್ಟಿಕ್ (ತೀರಾ ಸಣ್ಣ ಪ್ಲಾಸ್ಟಿಕ್ ಕಣ) ಇರುವ ಸುದ್ದಿ ಓದಿದವರೆಲ್ಲ "ಅಕ್ಕಾ, ಮನೇಲಿ ಏನು ಮಾಡೋದು?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಘಟಕದಲ್ಲಿ ನದಿ ನೀರಿಗೆ ಆಲಂ (ಪಟಿಕ) ಹಾಕಿ ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ ಕಲಕುತ್ತಾರೆ. ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ, ಹಿಂಜಿದ ಹತ್ತಿಯಂಥ ಗಂಟುಗಳಾಗಿ ತಳಕ್ಕಿಳಿಯುತ್ತವೆ. ಪ್ಲಾಸ್ಟಿಕ್ ಕಣಗಳೂ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ತಪ್ಪಿಸಿಕೊಂಡದ್ದನ್ನು ಮರಳಿನ ಫಿಲ್ಟರ್ ಹಿಡಿಯುತ್ತದೆ. ಇಂಥ ಸಾಮಾನ್ಯ ಶುದ್ಧೀಕರಣ ಒಂದು ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಚಿಕ್ಕ ಕಣಗಳನ್ನೂ ತೆಗೆಯಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮ್ಮ ಬೋರ್‌ವೆಲ್ ನೀರಿಗೆ ಈ ಹಂತ ಯಾವುದೂ ಇಲ್ಲ. ಪಿವಿಸಿ ಪೈಪಿನಿಂದ ಪ್ಲಾಸ್ಟಿಕ್ ಟ್ಯಾಂಕಿಗೆ, ಅಲ್ಲಿಂದ ನಲ್ಲಿಗೆ.

ಆದರೆ ನೀರು ಗಡಸಾಗಿದ್ದರೆ ಆಲಂ ಮಾಡುವ ಕೆಲಸವನ್ನು ಅದರೊಳಗಿನ ಸುಣ್ಣವೇ ಮಾಡುತ್ತದೆ. ಕುದಿಸಿದಾಗ ಕ್ಯಾಲ್ಸಿಯಂ ಕಾರ್ಬೋನೇಟ್ ಬಿಳಿ ಪುಡಿಯಾಗಿ ಹೊರಬರುತ್ತದಲ್ಲ, ಅದು ಪ್ಲಾಸ್ಟಿಕ್ ಕಣಗಳ ಸುತ್ತ ಕಟ್ಟಿಕೊಳ್ಳುತ್ತದೆ. ಚೀನಾದ ಗುವಾಂಗ್‌ಝೌ ವಿಜ್ಞಾನಿಗಳು 2024ರಲ್ಲಿ ಇದನ್ನು ಅಳೆದು ತೋರಿಸಿದರು. ಲೀಟರಿಗೆ 300 ಮಿಲಿಗ್ರಾಂ ಗಡಸುತನವಿದ್ದ ನೀರನ್ನು ಕುದಿಸಿ ಸೋಸಿದಾಗ ಸುಮಾರು ಶೇ. 90ರಷ್ಟು ಕಣಗಳು ಹೋದವು. 60ಕ್ಕಿಂತ ಕಡಿಮೆಯಿದ್ದಾಗ ಹೋದದ್ದು ಶೇ. 25ರಷ್ಟು ಮಾತ್ರ.

ಹಾಗಾಗಿ ಮೊದಲು ಗಡಸುತನ ತಿಳಿದುಕೊಳ್ಳಿ. ಆರ್‌ಒ ಫಿಲ್ಟರ್ ಮಾರುವವರು ಅದ್ದಿ ತೋರಿಸುವ ಟಿಡಿಎಸ್ ಮೀಟರ್ ಇದಕ್ಕೆ ಸಾಲದು, ಅದು ಕರಗಿದ ಲವಣವನ್ನೆಲ್ಲ ಒಟ್ಟಿಗೆ ಅಳೆಯುತ್ತದೆ. ನೀರಿನ ಲ್ಯಾಬಿಗೆ ಕೊಟ್ಟು, ಜೊತೆಗೇ ಫ್ಲೋರೈಡ್ ಕೂಡ ನೋಡಿಸಿ.

ಅಗಲ ಬಾಯಿಯ ಸ್ಟೀಲ್ ಪಾತ್ರೆಯಲ್ಲಿ ನೀರಿಟ್ಟು, ಮಳ್ಳಿದ ಮೇಲೆ ಐದು ನಿಮಿಷ ಕುದಿಯಲು ಬಿಡಿ. ಇಳಿಸಿ, ಮುಚ್ಚಿ, ಪೂರ್ತಿ ಆರುವವರೆಗೆ ಮುಟ್ಟಬೇಡಿ. ಬಹಳ ಮಂದಿ ಅವಸರ ಮಾಡುವುದು ಇಲ್ಲೇ. ಪಾತ್ರೆ ಅಲುಗಿದರೆ ತಳಕ್ಕಿಳಿದದ್ದು ಮತ್ತೆ ಮೇಲೇಳುತ್ತದೆ. ಆರಿದ ಮೇಲೆ ನಿಧಾನವಾಗಿ ಬಗ್ಗಿಸಿ, ಕಾಫಿ ಸೋಸುವ ಪೇಪರಿನಲ್ಲಿ ಸೋಸಿ. ಅದಿಲ್ಲದಿದ್ದರೆ ನೂಲಿನ ಪಂಚೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬಳಸಿ. ಪೇಪರಿನಷ್ಟು ಹಿಡಿಯದು, ಆದರೂ ಬರಿದೇ ಬಗ್ಗಿಸುವುದಕ್ಕಿಂತ ವಾಸಿ. ಪಾಲಿಯೆಸ್ಟರ್ ಬಟ್ಟೆ, ನೈಲಾನ್ ಜರಡಿ ಬೇಡ, ಅವೂ ಪ್ಲಾಸ್ಟಿಕ್ಕೇ. ತಳದ ಎರಡು ಬೆರಳು ನೀರನ್ನು ಸೋಸಲು ಹೋಗದೆ ಚೆಲ್ಲಿಬಿಡಿ. ಸೋಸಿದ ನೀರು ಸ್ಟೀಲ್ ಅಥವಾ ಮಣ್ಣಿನ ಪಾತ್ರೆಯಲ್ಲಿರಲಿ.

ಮಲೆನಾಡಿನ ತಂಗಿ "ನಮ್ಮದು ಮೆತ್ತನೆ ನೀರು, ಎಲೆ ಅಡಿಕೆ ಸುಣ್ಣ ಹಾಕಿ ಕುದಿಸಲಾ?" ಎಂದಳು. ಖಂಡಿತ ಬೇಡ. ಅಳತೆಯಿಲ್ಲದೆ ಸುಣ್ಣ ಬಿದ್ದರೆ ನೀರಿನ ಕ್ಷಾರ ಕುಡಿಯಲಾಗದಷ್ಟು ಏರುತ್ತದೆ. ಅಂಥ ಕಡೆ ನೀರನ್ನು ತೀರಾ ಸಣ್ಣ ರಂಧ್ರಗಳಲ್ಲಿ ಸೋಸುವ ಯುಎಫ್ ಅಥವಾ ಆರ್‌ಒ ಪೊರೆಯೇ ದಾರಿ. ಬರೀ ಯುವಿ ದೀಪದ ಯಂತ್ರ ಕ್ರಿಮಿ ಕೊಲ್ಲುತ್ತದೆ, ಪ್ಲಾಸ್ಟಿಕ್ ತೆಗೆಯುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಒತ್ತಿ ಹೇಳಬೇಕಾದ್ದು ಇನ್ನೊಂದಿದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ವರದಿಯಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಈ ವಿಧಾನ ಬಿಟ್ಟು ಆರ್‌ಒ ನೀರನ್ನೇ ಕುಡಿಯಿರಿ. ಮಕ್ಕಳ ಹಲ್ಲು, ಮೂಳೆಯ ಪ್ರಶ್ನೆ ಇದು, ಪ್ಲಾಸ್ಟಿಕ್ಕಿಗಿಂತ ಮೊದಲು ನೋಡಬೇಕಾದ್ದು.

ಪಾತ್ರೆಗೆ ಕಟ್ಟಿದ ಬಿಳಿ ಪದರದೊಳಗೆ ಪ್ಲಾಸ್ಟಿಕ್ ಇರುತ್ತದೆ. ಮುಂದಿನ ಸಲ ನೀರಿಡುವ ಮೊದಲು ಒಣಗಿದ ಪುಡಿಯನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕಿ. ಉಳಿದ ಕಲೆಗೆ ಹುಣಸೆಹುಳಿ ಹಚ್ಚಿ ತೊಳೆದರೆ ಸಾಕು.